ಮೊದಲ ವಾರ 3 ಕೆ.ಜಿ., ಎರಡನೇ ವಾರ ಬರೀ 400 ಗ್ರಾಂ: ಲೋ-ಕಾರ್ಬ್ ಕೆಲಸ ನಿಲ್ಲಿಸಿತಾ?

ಲೋ-ಕಾರ್ಬ್ (ಅನ್ನ, ಮುದ್ದೆ, ಸಕ್ಕರೆಯಲ್ಲಿರುವ ಕಾರ್ಬೋಹೈಡ್ರೇಟ್, ಅಂದರೆ ಕಾರ್ಬ್ಸ್, ಕಮ್ಮಿ ಮಾಡುವ ಊಟ) ಶುರು ಮಾಡಿದ ಮೊದಲ ವಾರ ತೂಕ 3.1 ಕೆ.ಜಿ. ಇಳಿಯಿತು, ಎರಡನೇ ವಾರ 400 ಗ್ರಾಂ, ಈ ವಾರ ಅಂಕಿ ಕದಲುತ್ತಲೇ ಇಲ್ಲ. ಕಾರ್ಬ್ಸ್ ದಿನಕ್ಕೆ 40 ಗ್ರಾಂನಿಂದ 20ಕ್ಕೆ ಇಳಿಸಲಾ, ಇಲ್ಲಾ ದಿನ ಬಿಟ್ಟು ದಿನ ಉಪವಾಸ ಮಾಡಲಾ ಅಂತ ಕೇಳಿದ್ದೀರಿ. ಎರಡೂ ಬೇಡ. ನನ್ನ ಹಳೇ ನೋಟ್‌ಬುಕ್‌ನಲ್ಲೂ ಇಂಥದ್ದೇ ಲೆಕ್ಕ ಇದೆ: ಶುರುವಿಗೆ 84.6, ಏಳನೇ ದಿನ 81.2, ಹದಿನಾಲ್ಕನೇ ದಿನ 80.7, ಹದಿನೇಳನೇ ದಿನ 80.9. ಆ 80.9ರ ಕೆಳಗೆ ಎರಡು ಗೀಟು ಎಳೆದಿದ್ದೇನೆ. ಎಡವಿದ್ದು ಅಲ್ಲೇ.

ಅವತ್ತಿನಿಂದ ರಾತ್ರಿ ಊಟ ಬಿಟ್ಟೆ. ಉಪ್ಪು ತಿಂದರೆ ಮೈಯಲ್ಲಿ ನೀರು ನಿಲ್ಲುತ್ತೆ ಅಂತ ಯಾರೋ ಹೇಳಿದ್ದು ತಲೆಯಲ್ಲಿತ್ತು, ಉಪ್ಪೂ ಅರ್ಧಕ್ಕರ್ಧ ಇಳಿಸಿದೆ. ದಿನಕ್ಕೆ ಹೆಚ್ಚುಕಮ್ಮಿ 900 ಕ್ಯಾಲೊರಿ. ಐದು ದಿನಕ್ಕೆ ಮೆಟ್ಟಿಲು ಹತ್ತಿದರೆ ಕಣ್ಣು ಕತ್ತಲೆ. 23ನೇ ದಿನ ಒಂದು ಮದುವೆ: ಚಿತ್ರಾನ್ನ, ಎರಡು ಹೋಳಿಗೆ, ಮೂರು ಸಲ ಅನ್ನ. ಮರುದಿನವೂ ಅನ್ನ ಬಿಡಲಾಗಲಿಲ್ಲ. ಮೂರನೇ ಬೆಳಿಗ್ಗೆ ಮಷಿನ್ ಹತ್ತಿದರೆ 2.3 ಕೆ.ಜಿ. ಜಾಸ್ತಿ. ಎಲ್ಲಾ ಹೋಯ್ತು ಅಂತ ಕೈಬಿಟ್ಟೆ, ಏಳು ತಿಂಗಳು.

ಈಗ ಆ 2.3 ಕೆ.ಜಿ.ಯ ಲೆಕ್ಕ ನೋಡಿ. ಒಂದು ಕಿಲೋ ಕೊಬ್ಬು ಅಂದರೆ ಸುಮಾರು 7,700 ಕ್ಯಾಲೊರಿ. 2.3 ಕಿಲೋ ಕೊಬ್ಬು ಕಟ್ಟಬೇಕಾದರೆ ಎರಡು ದಿನದಲ್ಲಿ, ದೇಹದ ಖರ್ಚು ಕಳೆದು, 17,700 ಕ್ಯಾಲೊರಿ ತಿನ್ನಬೇಕು. ಹೋಳಿಗೆ ಎಷ್ಟೇ ತುಪ್ಪದಲ್ಲಿ ಮುಳುಗಿದ್ದರೂ ಅದು ಆಗದ ಮಾತು. ಮತ್ತೆ ಬಂದದ್ದೇನು? ಮೊದಲ ವಾರ ಹೋಗಿದ್ದ ನೀರು.

ನಾವು ತಿಂದ ಅನ್ನ, ಮುದ್ದೆಯಲ್ಲಿ ಒಂದು ಪಾಲು ಗ್ಲೈಕೋಜನ್ ಆಗಿ ಲಿವರ್‌ನಲ್ಲಿ ಸುಮಾರು 100 ಗ್ರಾಂ, ಸ್ನಾಯುಗಳಲ್ಲಿ 300-400 ಗ್ರಾಂ ದಾಸ್ತಾನಿರುತ್ತದೆ. ಒಂದೊಂದು ಗ್ರಾಂ ಗ್ಲೈಕೋಜನ್ ತನ್ನ ಜೊತೆ ಸುಮಾರು ಮೂರು ಗ್ರಾಂ ನೀರು ಹಿಡಿದುಕೊಂಡಿರುತ್ತದೆ. ಕಾರ್ಬ್ಸ್ ನಿಲ್ಲಿಸಿದರೆ ಕೆಲವೇ ದಿನದಲ್ಲಿ ಈ ದಾಸ್ತಾನಿನ ಬಹುಪಾಲು ಖಾಲಿ, ಜೊತೆಗೆ ನೀರೂ ಹೊರಗೆ. ಅಲ್ಲಿಗೇ ಒಂದೂವರೆ-ಎರಡು ಕಿಲೋ. ಕಾರ್ಬ್ಸ್ ಕಮ್ಮಿಯಾಗಿ ಇನ್ಸುಲಿನ್ ಇಳಿದಾಗ ಕಿಡ್ನಿ ಸೋಡಿಯಂ ಹೊರಹಾಕುತ್ತದೆ, ಅದರ ಹಿಂದೆ ಇನ್ನಷ್ಟು ನೀರು. ತಟ್ಟೆ ತುಂಬಾ ಅನ್ನ ಉಣ್ಣುತ್ತಿದ್ದ ಹೊಟ್ಟೆ-ಕರುಳಿನಲ್ಲಿ ಇರುತ್ತಿದ್ದ ಭಾರವೂ ಕಮ್ಮಿಯಾಗುತ್ತದೆ.

ನಿಮ್ಮ ಅಂಕಿಗೇ ಇದನ್ನು ಹೊಂದಿಸಿ. ದಿನಕ್ಕೆ 500 ಕ್ಯಾಲೊರಿ ಕಮ್ಮಿ ತಿನ್ನುತ್ತಿದ್ದೀರಿ ಅಂತಿಟ್ಟುಕೊಳ್ಳಿ. ವಾರಕ್ಕೆ 3,500, ಅಂದರೆ ಕೊಬ್ಬು 450 ಗ್ರಾಂ. ಮೊದಲ ವಾರದ 3.1ರಲ್ಲಿ ಕೊಬ್ಬು ಅಷ್ಟೇ, ಉಳಿದದ್ದು ನೀರು ಮತ್ತು ಹೊಟ್ಟೆಯ ಭಾರ. ಎರಡನೇ ವಾರದ 400 ಗ್ರಾಂನಲ್ಲಿ ಹೆಚ್ಚಿನದು ಕೊಬ್ಬೇ. ಹಾಗಾಗಿ "ನಿಧಾನವಾಯಿತು" ಅನ್ನುವ ನಿಮ್ಮ ಪ್ರಶ್ನೆಯನ್ನೇ ನಾನು ಒಪ್ಪುವುದಿಲ್ಲ. ಕೊಬ್ಬು ಕರಗುವ ವೇಗ ಎರಡೂ ವಾರ ಒಂದೇ ಇತ್ತು, ನೀರಿನ ಮೆರವಣಿಗೆ ಮುಗಿಯಿತು, ಅಷ್ಟೇ. ಅಮೆರಿಕದ ಸರ್ಕಾರಿ ಆರೋಗ್ಯ ಸಂಶೋಧನಾ ಸಂಸ್ಥೆ ಎನ್‌ಐಎಚ್‌ನಲ್ಲಿ ಸಂಶೋಧಕ ಕೆವಿನ್ ಹಾಲ್ ತಂಡ 20 ಜನರನ್ನು ಆಸ್ಪತ್ರೆಯಲ್ಲೇ ಇರಿಸಿಕೊಂಡು ಎರಡು ವಾರ ಲೋ-ಕಾರ್ಬ್, ಎರಡು ವಾರ ಲೋ-ಫ್ಯಾಟ್ (ಕೊಬ್ಬು ಕಮ್ಮಿ ಇರುವ) ಊಟ ಕೊಟ್ಟು ನೋಡಿತ್ತು (2021ರಲ್ಲಿ ಪ್ರಕಟವಾಯಿತು). ತೂಕ ಎರಡರಲ್ಲೂ ಇಳಿಯಿತು. ಎದ್ದು ಕಾಣುವಷ್ಟು ಕೊಬ್ಬು ಇಳಿದದ್ದು ಲೋ-ಫ್ಯಾಟ್ ಎರಡು ವಾರದಲ್ಲಿ ಮಾತ್ರ. ಲೋ-ಕಾರ್ಬ್ ಕೆಟ್ಟದ್ದು ಅಂತ ಇದರ ಅರ್ಥವಲ್ಲ. ಮೊದಮೊದಲ ದಿನಗಳ ಮಷಿನ್ ಮಾತು ನಂಬಬೇಡಿ ಅಂತ. ವರ್ಷದ ಲೆಕ್ಕ ಬೇಕಾದರೆ, 2018ರ ಸ್ಟ್ಯಾನ್‌ಫರ್ಡ್ ಅಧ್ಯಯನದಲ್ಲಿ 609 ಜನರಿದ್ದರು, ಲೋ-ಕಾರ್ಬ್ ಗುಂಪು ಹನ್ನೆರಡು ತಿಂಗಳಿಗೆ ಇಳಿಸಿದ್ದು ಸರಾಸರಿ 6 ಕೆ.ಜಿ., ಲೋ-ಫ್ಯಾಟ್ ಗುಂಪು 5.3. ನೀವು ವಾರಕ್ಕೆ 400 ಗ್ರಾಂ ಅಂತ ಕೊರಗುತ್ತಿದ್ದೀರಿ!

ಆದ್ದರಿಂದ ನಿಮ್ಮ ಶುರುವಿನ ತೂಕ ಅಂದರೆ ಹತ್ತನೇ ದಿನದ ತೂಕ. ಅದಕ್ಕೂ ಹಿಂದಿನದನ್ನು ಹೊಡೆದುಹಾಕಿ.

ಇನ್ನು ತೂಕ ನೋಡುವುದು. ಒಂದು ಚೊಂಬು ನೀರು ಕುಡಿದು ತಕ್ಷಣ ಮತ್ತೆ ಮಷಿನ್ ಹತ್ತಿ, ಅರ್ಧ ಕಿಲೋಗೂ ಹೆಚ್ಚು ಏರಿರುತ್ತದೆ. ಇಷ್ಟು ಸುಲಭಕ್ಕೆ ಕುಣಿಯುವ ಅಂಕಿಯನ್ನು ಒಂದು ದಿನಕ್ಕೆ ನೋಡಿ ಊಟ ಬದಲಿಸಬಾರದು. ಬೆಳಿಗ್ಗೆ ಎದ್ದು ಶೌಚ ಮುಗಿಸಿ, ಕಾಫಿಗೆ ಮುಂಚೆ, ಗಟ್ಟಿ ನೆಲದ ಮೇಲೆ (ಮ್ಯಾಟ್ ಮೇಲಿಟ್ಟರೆ ಮಷಿನ್ ತಪ್ಪು ತೋರಿಸುತ್ತದೆ) ದಿನಾ ತೂಗಿ ಬರೆದಿಡಿ. ಏಳು ದಿನದ ಸರಾಸರಿಯನ್ನು ಹಿಂದಿನ ಏಳು ದಿನದ ಸರಾಸರಿಗೆ ಮಾತ್ರ ಹೋಲಿಸಿ. ವಾರಕ್ಕೊಮ್ಮೆ ಹೊಕ್ಕುಳ ಮಟ್ಟದಲ್ಲಿ, ಹೊಟ್ಟೆ ಒಳಗೆ ಎಳೆದುಕೊಳ್ಳದೆ, ಟೇಪ್ ಹಿಡಿಯಿರಿ. ಮಲಬದ್ಧತೆ, ನಿದ್ದೆಗೆಟ್ಟ ರಾತ್ರಿ, ಹೊಸದಾಗಿ ಜಿಮ್‌ಗೆ ಹೋಗಿ ಹಿಡಿದುಕೊಂಡ ಮೈಕೈ ನೋವು, ಇವೆಲ್ಲ ಒಂದು ವಾರದ ಕೊಬ್ಬಿನ ಇಳಿಕೆಯನ್ನು ಮುಚ್ಚಿಬಿಡಬಲ್ಲವು. ಹೆಂಗಸರಾದರೆ ಮುಟ್ಟಿಗೆ ಮುಂಚಿನ ವಾರದ ತೂಕವನ್ನು ಹಿಂದಿನ ತಿಂಗಳ ಅದೇ ವಾರಕ್ಕೇ ಹೋಲಿಸಬೇಕು.

ಸರಾಸರಿಯೂ ಸೊಂಟವೂ ಮೂರು-ನಾಲ್ಕು ವಾರ ಕದಲದಿದ್ದರೆ ಆಗ ನಿಂತಿದೆ ಅನ್ನಿ. ಆಗಲೂ ಕಾರ್ಬ್ಸ್‌ಗೆ ಕೈ ಹಾಕಬೇಡಿ, ಎಣ್ಣೆಗೆ ಹಾಕಿ. ನಮ್ಮ ಅಡುಗೆಮನೆಯಲ್ಲಿ ಲೋ-ಕಾರ್ಬ್ ಸೋರುವುದು ಒಗ್ಗರಣೆಯಲ್ಲಿ. ದಿನಕ್ಕೆ ಮೂರು ದೊಡ್ಡ ಚಮಚ ಎಣ್ಣೆ 360 ಕ್ಯಾಲೊರಿ. ಪಲ್ಯ, ಚಟ್ನಿಗೆ ಸೇರಿ 60 ಗ್ರಾಂ ಹಸಿ ಕಾಯಿತುರಿ 210. ಸಂಜೆ ಬಾಯಾಡಿಸಿದ 50 ಗ್ರಾಂ ಕಡ್ಲೆಕಾಯಿ ಬೀಜ 285. ಒಂದು ದೊಡ್ಡ ಚಮಚ ತುಪ್ಪ 125. ಒಟ್ಟು 980. ಇಷ್ಟರಲ್ಲಿ ಕಾರ್ಬ್ಸ್ ಎಷ್ಟು? ನಾರು ಸೇರಿಸಿದರೂ 17 ಗ್ರಾಂ. ಕಾರ್ಬ್ಸ್ ಎಣಿಸುವ ಆ್ಯಪ್ ಹಸಿರು ಬಣ್ಣ ತೋರಿಸುತ್ತಿರುತ್ತದೆ, ನಿಮ್ಮ 500 ಕ್ಯಾಲೊರಿ ಕಡಿತ ಎಂದೋ ಮಾಯವಾಗಿರುತ್ತದೆ.

ಎಣ್ಣೆಯನ್ನು ಚಮಚದಲ್ಲಿ ಅಳೆಯುತ್ತೇನೆ ಅಂದವರು ನಾಲ್ಕನೇ ದಿನಕ್ಕೆ ಬಿಡುತ್ತಾರೆ, ಒಗ್ಗರಣೆ ಹಾಕುವ ಹೊತ್ತಿನಲ್ಲಿ ಚಮಚ ಹುಡುಕುವವರು ಯಾರು! ಎಣ್ಣೆ ಡಬ್ಬಿಯನ್ನೇ ಬೆಳಿಗ್ಗೆ ಒಮ್ಮೆ, ರಾತ್ರಿ ಒಮ್ಮೆ ಅಡುಗೆಮನೆ ತಕ್ಕಡಿಯಲ್ಲಿಡಿ. ಕಮ್ಮಿಯಾದ ಗ್ರಾಂ ಅನ್ನು ಊಟ ಮಾಡಿದವರ ಸಂಖ್ಯೆಯಿಂದ ಭಾಗಿಸಿ, ಒಂಬತ್ತರಿಂದ ಗುಣಿಸಿ. ಅದು ನಿಮ್ಮ ಪಾಲಿನ ಕ್ಯಾಲೊರಿ. ನಾಲ್ವರ ಮನೆಗೆ ತಿಂಗಳಿಗೆ 5 ಲೀಟರ್ ಕ್ಯಾನ್ ಮುಗಿಯುತ್ತಿದ್ದರೆ ತಲೆಗೆ ದಿನಕ್ಕೆ ಸುಮಾರು 38 ಗ್ರಾಂ, 340 ಕ್ಯಾಲೊರಿ.

ಅನ್ನ ಬಿಟ್ಟು ಮುದ್ದೆಗೋ ಸಿರಿಧಾನ್ಯಕ್ಕೋ ಬಂದು ಅದನ್ನೇ ಲೋ-ಕಾರ್ಬ್ ಅಂದುಕೊಂಡವರಿಗೂ ಒಂದು ಮಾತು. ಅಕ್ಕಿ 100 ಗ್ರಾಂಗೆ ಕಾರ್ಬ್ಸ್ 78 ಗ್ರಾಂ, ರಾಗಿಗೆ 67ರ ಆಸುಪಾಸು, ನವಣೆ-ಸಾಮೆ ಅದಕ್ಕಿಂತ ತುಸು ಕೆಳಗೆ. ನಾರು ಹೆಚ್ಚು, ನಿಜ. ಆದರೆ 80 ಗ್ರಾಂ ಹಿಟ್ಟಿನ ಒಂದೇ ಮುದ್ದೆಗೆ ನಿಮ್ಮ ದಿನದ 40 ಗ್ರಾಂ ದಾಟಿಹೋಯಿತು.

ಎಣ್ಣೆ ಕಮ್ಮಿ ಮಾಡಿದ ಜಾಗಕ್ಕೆ ಪ್ರೋಟೀನ್ ಬರಬೇಕು, ಇಲ್ಲದಿದ್ದರೆ ನನ್ನ ಹಾಗೆ ಹೋಳಿಗೆ ಮುಂದೆ ಸೋಲುತ್ತೀರಿ. ತಲುಪಬೇಕಾದ ತೂಕ 70 ಕೆ.ಜಿ. ಅಂದರೆ ದಿನಕ್ಕೆ 85ರಿಂದ 110 ಗ್ರಾಂ. ಎರಡು ಮೊಟ್ಟೆಗೆ 12, 100 ಗ್ರಾಂ ಪನೀರ್‌ಗೆ 18ರಿಂದ 20, 50 ಗ್ರಾಂ ಒಣ ಸೋಯಾ ಚಂಕ್ಸ್‌ಗೆ 26 (ಅದರಲ್ಲಿ ಕಾರ್ಬ್ಸ್ ಸುಮಾರು 16 ಗ್ರಾಂ, ಲೆಕ್ಕಕ್ಕೆ ಹಿಡಿಯಿರಿ). ಬರೀ ಸಸ್ಯಾಹಾರದಲ್ಲಿ 40 ಗ್ರಾಂ ಕಾರ್ಬ್ಸ್ ಒಳಗೆ ಇಷ್ಟು ಪ್ರೋಟೀನ್ ಕೂಡಿಸುವುದು ಕಷ್ಟ. ಹಾಗಿದ್ದರೆ ಕಾರ್ಬ್ಸ್ 80ಕ್ಕೆ ಏರಿಸಿ ಕಾಳು ಸೇರಿಸಿ ಅನ್ನುತ್ತೇನೆ. ಕೀಟೋ (ಕಾರ್ಬ್ಸ್ ತೀರಾ ಕಮ್ಮಿ, ಕೊಬ್ಬು ಜಾಸ್ತಿ ಇರುವ ಊಟ) ಮಂದಿ ಒಪ್ಪಲಿಕ್ಕಿಲ್ಲ, ಬಿಡಿ. ಮೂತ್ರದ ಕೀಟೋನ್ ಪಟ್ಟಿ (ಕೊಬ್ಬು ಕರಗುವಾಗ ಹುಟ್ಟುವ ಕೀಟೋನನ್ನು ಬಣ್ಣದಲ್ಲಿ ತೋರಿಸುವ ಕಾಗದ) ಕೂಡ ಕೊಳ್ಳಬೇಡಿ. ಕೆಲವು ವಾರವಾದ ಮೇಲೆ ಎಲ್ಲಾ ಸರಿಯಾಗಿದ್ದರೂ ಅದರ ಬಣ್ಣ ತಿಳಿಯಾಗಬಹುದು, ಸುಮ್ಮನೆ ಇನ್ನೊಂದು ಗಾಬರಿ.

ತಲೆನೋವು, ತೊಡೆಯಲ್ಲಿ ಬಲವಿಲ್ಲದಂತೆ ಅನ್ನಿಸುವುದು, ಎದ್ದ ತಕ್ಷಣ ತಲೆಸುತ್ತು ಇದ್ದರೆ ಅದು ಬಹುಮಟ್ಟಿಗೆ ಉಪ್ಪಿನ ಕೊರತೆ. ನೀರು ಮಜ್ಜಿಗೆಗೋ ಬಸ್ಸಾರಿನ ಕಟ್ಟಿಗೋ ದಿನಕ್ಕೆ ಅರ್ಧ ಟೀ ಚಮಚ ಉಪ್ಪು ಹೆಚ್ಚಿಗೆ ಹಾಕಿ. ಮರುದಿನ ಮಷಿನ್ ಸ್ವಲ್ಪ ಏರಿದರೆ ನೋಡಿಯೂ ನೋಡದಂತಿರಿ. ಬಿಪಿ, ಕಿಡ್ನಿ, ಹೃದಯದ ತೊಂದರೆ ಇರುವವರು ಡಾಕ್ಟರನ್ನು ಕೇಳದೆ ಇದನ್ನು ಮಾಡಬಾರದು. ಇನ್ಸುಲಿನ್ ಅಥವಾ ಗ್ಲಿಮೆಪಿರೈಡ್ ಅನ್ನುವ ಶುಗರ್ ಮಾತ್ರೆ ತೆಗೆದುಕೊಳ್ಳುವವರಿಗೆ ಲೋ-ಕಾರ್ಬ್‌ನಲ್ಲಿ ಶುಗರ್ ಕುಸಿಯಬಹುದು. ಡಪಾಗ್ಲಿಫ್ಲೋಜಿನ್, ಎಂಪಾಗ್ಲಿಫ್ಲೋಜಿನ್ ಥರದ ಶುಗರ್ ಮಾತ್ರೆ ಇದ್ದರೆ ಶುಗರ್ ನಾರ್ಮಲ್ ತೋರಿಸುತ್ತಲೇ ಕೀಟೋಆಸಿಡೋಸಿಸ್ (ಕೀಟೋನ್ ಮಿತಿಮೀರಿ ರಕ್ತ ಆಮ್ಲೀಯವಾಗುವ ಸ್ಥಿತಿ) ಆಗುವ ಅಪಾಯವಿದೆ. ನಿಮ್ಮ ಪ್ರಶ್ನೆಯಲ್ಲಿ ಮಾತ್ರೆಯ ಸುದ್ದಿಯೇ ಇಲ್ಲ. ಇದ್ದರೆ ಮಿಕ್ಕಿದ್ದೆಲ್ಲ ಪಕ್ಕಕ್ಕಿಟ್ಟು ಮೊದಲು ಡಾಕ್ಟರ್ ಹತ್ತಿರ ಹೋಗಿ.

ಇಲ್ಲವಾದರೆ ಈ 40 ಗ್ರಾಂನಲ್ಲೇ ಇನ್ನು ಹದಿನೈದು ದಿನ ಇರಿ. ಆಮೇಲೆ ಎರಡು ವಾರದ ಎರಡು ಸರಾಸರಿ, ಸೊಂಟದ ಅಳತೆ, ಎಣ್ಣೆ ಡಬ್ಬಿಯ ಲೆಕ್ಕ ಇಲ್ಲೇ ಕೆಳಗೆ ಹಾಕಿ, ನೋಡೋಣ. ನಡುವೆ ಮದುವೆ ಊಟ ಬಂದರೆ ಉಂಡು ಬನ್ನಿ, ನಾಲ್ಕು ದಿನ ಮಷಿನ್ ಹತ್ತಬೇಡಿ.