ಓದುಗರ ಪ್ರಶ್ನೆ: ಇಂಗ್ಲಿಷ್ ತರಗತಿಯ ಹಳೆಯ ಕೃತಿಗಳನ್ನು ಓದುವುದು ಹೇಗೆ?

ಪ್ರಶ್ನೆ: ‘ಮ್ಯಾಕ್‌ಬೆತ್’ ಎಂಬ ಶೇಕ್ಸ್‌ಪಿಯರ್ ನಾಟಕ ನಮಗೆ ಪಠ್ಯ. ಎಡಪುಟದಲ್ಲಿ ಮೂಲ, ಬಲಪುಟದಲ್ಲಿ ಇಂದಿನ ಇಂಗ್ಲಿಷ್ ಇರುವ ಪುಸ್ತಕ ಇಟ್ಟುಕೊಂಡು ಓದುತ್ತೇನೆ. ಕಥೆಯೆಲ್ಲ ಗೊತ್ತು. ಆದರೆ ಪರೀಕ್ಷೆಯಲ್ಲಿ ಮೂಲದ ಸಾಲು ಕೊಟ್ಟು ಬರೆಯಿರಿ ಎಂದರೆ ಕೈ ಓಡುವುದಿಲ್ಲ. – ಹೈಸ್ಕೂಲ್ ವಿದ್ಯಾರ್ಥಿನಿ

ಉತ್ತರ: ಬಲಪುಟವನ್ನೇ ಮೊದಲು ಓದುವುದರಿಂದ ಆಗುವ ತೊಂದರೆ ಇದು. ಅರ್ಥ ಸಿಕ್ಕಿತಲ್ಲ ಎಂದು ಕಣ್ಣು ಎಡಪುಟದ ಮೇಲೆ ನಿಲ್ಲುವುದೇ ಇಲ್ಲ. ಪರೀಕ್ಷೆ ಕೇಳುವುದು ಎಡಪುಟವನ್ನೇ. ಬಲಪುಟದ ಮೇಲೆ ಒಂದು ಹಾಳೆ ಮುಚ್ಚಿ ಓದಲು ಶುರುಮಾಡಿ.

ದೃಶ್ಯದಲ್ಲಿ ಯಾರಿದ್ದಾರೆ, ಯಾರಿಗೆ ಏನು ಬೇಕಾಗಿದೆ ಎಂಬುದಷ್ಟು ಮೊದಲೇ ತಿಳಿದಿದ್ದರೆ ಸಾಕು. ಆಮೇಲೆ ಮೂಲವನ್ನು ಗಟ್ಟಿಯಾಗಿ ಓದಿ. ಸಾಲಿನ ಕೊನೆಯಲ್ಲಿ ನಿಲ್ಲಬೇಡಿ, ವಿರಾಮ ಚಿಹ್ನೆ ಬಂದಲ್ಲಿ ಮಾತ್ರ ನಿಲ್ಲಿ. ಹೆಚ್ಚಿನವರು ಎಡವುವುದು ಇಲ್ಲೇ: ಪದ್ಯದ ಸಾಲು ಸಾಮಾನ್ಯವಾಗಿ ಹತ್ತು ಸಿಲೆಬಲ್‌ಗೆ ಮುಗಿಯುತ್ತದೆ, ವಾಕ್ಯ ಅಲ್ಲಿಗೇ ಮುಗಿಯಬೇಕೆಂದಿಲ್ಲ. ಇನ್ನೊಮ್ಮೆ ಓದುವಾಗ ಪ್ರತಿ ವಾಕ್ಯದ ಕ್ರಿಯಾಪದ ಹುಡುಕಿ ಅಡಿಗೆರೆ ಎಳೆಯಿರಿ, ಅದರ ಕರ್ತೃ ಯಾರೆಂದು ಕೇಳಿಕೊಳ್ಳಿ. ಲಯಕ್ಕಾಗಿ ಪದಗಳು ಹಿಂದುಮುಂದಾಗಿರುತ್ತವೆ. ಇವೆರಡು ಸಿಕ್ಕರೆ ವಾಕ್ಯ ಬಿಡಿಸಿಕೊಳ್ಳುತ್ತದೆ. ಇಷ್ಟಾದರೂ ತಿಳಿಯದ ಪದಗಳಿಗೆ ಮಾತ್ರ ಹಾಳೆ ಎತ್ತಿ.

ಮೊದಲನೆಯ ಅಂಕದ ಏಳನೆಯ ದೃಶ್ಯದಲ್ಲಿ ಮ್ಯಾಕ್‌ಬೆತ್‌ನ ಸ್ವಗತವಿದೆಯಲ್ಲ, ಅದರಲ್ಲಿ ಪ್ರಯೋಗ ಮಾಡಿ. ಮೊದಲ ಎರಡು ಸಾಲಿನೊಳಗೆ ‘ಡನ್’ ಎಂಬ ಪದ ಮೂರು ಸಲ ಬರುತ್ತದೆ. ಏನು ಮಾಡುವುದು? ಅದನ್ನು ಅವನು ಹೇಳುವುದಿಲ್ಲ, ‘ಇಟ್’ ಎಂದು ಬಿಟ್ಟುಬಿಡುತ್ತಾನೆ. ರಾಜನನ್ನು ಕೊಲ್ಲುವ ಯೋಚನೆಗೆ ಹೆಸರಿಡಲು ಅವನಿಗೇ ಭಯ. ಇಂದಿನ ಇಂಗ್ಲಿಷಿನಲ್ಲಿ ‘ಈ ಕೊಲೆ ಮಾಡುವುದಾದರೆ’ ಎಂದು ನೇರವಾಗಿ ಬರೆದುಬಿಟ್ಟರೆ ಆ ಭಯವೇ ಮಾಯವಾಗುತ್ತದೆ. ಪರೀಕ್ಷೆಯಲ್ಲಿ ಅಂಕ ತರುವುದು ಇಂಥ ಗಮನ.

ಮಾತಿನ ಲಯ ಎಲ್ಲಿ ಬದಲಾಗುತ್ತದೆ ಎಂಬುದನ್ನೂ ಗುರುತು ಹಾಕಿ. ಮಾಟಗಾತಿಯರ ಸಾಲುಗಳು ಗಿಡ್ಡ, ಹೆಚ್ಚಾಗಿ ಒತ್ತಿ ಹೇಳುವ ಸಿಲೆಬಲ್ ನಾಲ್ಕೇ. ಐದನೆಯ ಅಂಕದ ಆರಂಭದಲ್ಲಿ ನಿದ್ದೆಯಲ್ಲಿ ನಡೆಯುವ ಲೇಡಿ ಮ್ಯಾಕ್‌ಬೆತ್ ಪದ್ಯವನ್ನೇ ಬಿಟ್ಟು ಗದ್ಯಕ್ಕೆ ಇಳಿಯುತ್ತಾಳೆ. ಮೊದಲ ಅಂಕದಲ್ಲಿ ಗಂಡನನ್ನು ಮಾತಿನಿಂದಲೇ ಬಗ್ಗಿಸಿದವಳ ಹಿಡಿತ ತಪ್ಪಿರುವುದು ವಾಕ್ಯಗಳಲ್ಲೇ ಕಾಣುತ್ತದೆ.

ಪ್ರಶ್ನೆ: ‘ಗ್ರೇಟ್ ಎಕ್ಸ್‌ಪೆಕ್ಟೇಷನ್ಸ್’ ಎಂಬ ಡಿಕನ್ಸ್ ಕಾದಂಬರಿ ಮುಗಿಸಲು ಎಂಟು ವಾರ, ವಾರಕ್ಕೆ ನಾಲ್ಕು ಪೀರಿಯಡ್, ಒಂದೊಂದು 45 ನಿಮಿಷ. ತರಗತಿಯಲ್ಲಿ ಓದಿಸುತ್ತ ಹೋದರೆ ಅರ್ಧಕ್ಕೇ ನಿಲ್ಲುತ್ತದೆ. – ಇಂಗ್ಲಿಷ್ ಶಿಕ್ಷಕರು

ಉತ್ತರ: ನಿಲ್ಲಲೇಬೇಕು, ಲೆಕ್ಕವೇ ಹಾಗಿದೆ. ಕಾದಂಬರಿಯಲ್ಲಿ 59 ಅಧ್ಯಾಯ, ಒಂದೂ ಮುಕ್ಕಾಲು ಲಕ್ಷಕ್ಕಿಂತ ಹೆಚ್ಚು ಪದ. ನಿಮಿಷಕ್ಕೆ 150 ಪದದಂತೆ ಗಟ್ಟಿಯಾಗಿ ಓದಿದರೆ ಸುಮಾರು 20 ಗಂಟೆ. ನಿಮ್ಮ 32 ಪೀರಿಯಡ್ ಸೇರಿ 24 ಗಂಟೆ. ಚರ್ಚೆಗೆ, ಬರೆಸುವುದಕ್ಕೆ ಉಳಿಯುವುದು ನಾಲ್ಕೇ ಗಂಟೆ.

ಆದ್ದರಿಂದ ತರಗತಿಯಲ್ಲಿ ಎಂಟೊಂಬತ್ತು ಅಧ್ಯಾಯಗಳನ್ನು ಮಾತ್ರ ಬಿಡಿಸಿ ಓದಿಸಿ. ನಮ್ಮ ಆಯ್ಕೆ: 1 (ಸ್ಮಶಾನದ ಭೇಟಿ), 8 (ಮಿಸ್ ಹ್ಯಾವಿಶಮ್ ಮನೆಗೆ ಮೊದಲ ಸಲ), 18 (ವಕೀಲ ಜ್ಯಾಗರ್ಸ್ ತರುವ ಸುದ್ದಿ), 27 (ಜೋ ಲಂಡನ್ನಿಗೆ ಬರುವುದು), 39 (ಹಣ ಕೊಟ್ಟವನು ಯಾರೆಂದು ತಿಳಿಯುವುದು), 49, 56, 57, 59. ಇವುಗಳಲ್ಲಿ ಒಂದನ್ನು ಬಿಡಲೇಬೇಕಾದರೂ 27ನ್ನು ಬಿಡಬೇಡಿ. ಕಥಾನಾಯಕ ಪಿಪ್ ತನ್ನನ್ನು ಸಾಕಿದ ಜೋನನ್ನು ಕಂಡು ನಾಚಿಕೊಳ್ಳುವುದು, ನಾಚಿಕೊಂಡದ್ದಕ್ಕೆ ಮತ್ತೆ ನಾಚುವುದು, ಈ ಹರೆಯದ ಮಕ್ಕಳಿಗೆ ಬೇಗ ತಟ್ಟುವ ಭಾಗ.

ಉಳಿದದ್ದು ಮನೆ ಓದು, ವಾರಕ್ಕೆ ಆರರಿಂದ ಏಳು ಅಧ್ಯಾಯ. ಕಾದಂಬರಿ ಮೂರು ಘಟ್ಟಗಳಲ್ಲಿದೆ: 1ರಿಂದ 19, 20ರಿಂದ 39, 40ರಿಂದ 59. ಮಕ್ಕಳು ಕೈಬಿಡುವುದು ಸಾಮಾನ್ಯವಾಗಿ ಎರಡನೆಯ ಘಟ್ಟದಲ್ಲಿ. ಪಾತ್ರಗಳು ಒಮ್ಮೆಲೇ ಹೆಚ್ಚುತ್ತವೆ, ಸಂಬಂಧ ತಿಳಿಯುವುದಿಲ್ಲ. 20ನೆಯ ಅಧ್ಯಾಯಕ್ಕೆ ಮೊದಲು ಯಾರಿಗೆ ಯಾರು ಏನಾಗಬೇಕು ಎಂಬ ಒಂದು ಪುಟದ ಪಟ್ಟಿ ಕೊಡಿ, ಗುಟ್ಟುಗಳನ್ನು ಮಾತ್ರ ಬಿಟ್ಟುಕೊಡಬೇಡಿ. ಇದು 1860–61ರಲ್ಲಿ ವಾರಪತ್ರಿಕೆಯಲ್ಲಿ ಧಾರಾವಾಹಿಯಾಗಿ ಬಂದ ಕೃತಿ, ಓದುಗ ಮುಂದಿನ ವಾರಕ್ಕೆ ಕಾಯುವಂತೆ ಕಟ್ಟಿದ್ದು. ಮನೆ ಓದಿನ ಕಂತನ್ನು ಅಂಥ ಕುತೂಹಲದ ಜಾಗದಲ್ಲೇ ಕಡಿಯಿರಿ.

ಕೊನೆಯ ಪೀರಿಯಡ್ಡಿಗೆ ಒಂದು ಒಳ್ಳೆಯ ಕೆಲಸ: ಡಿಕನ್ಸ್ ಮೊದಲು ಬರೆದ ಮುಕ್ತಾಯ ಬೇರೆ, ಗೆಳೆಯ ಬುಲ್ವರ್ ಲಿಟನ್ ಸಲಹೆಯಂತೆ ಅದನ್ನು ಬದಲಿಸಿ ಅಚ್ಚಿಗೆ ಕೊಟ್ಟ. ಎರಡನ್ನೂ ಓದಿಸಿ, ಯಾವುದು ಹಿಂದಿನ 58 ಅಧ್ಯಾಯಗಳಿಗೆ ಹೊಂದುತ್ತದೆ ಎಂದು ಬರೆಸಿ. ಪುಸ್ತಕ ಓದದ ಮಗು ಇದಕ್ಕೆ ಉತ್ತರ ಬರೆಯಲಾರದು.

ಪ್ರಶ್ನೆ: ಮಗ ಮೊದಲು ಸಾರಾಂಶ ಓದಿ, ಸಿನಿಮಾ ನೋಡಿ, ಆಮೇಲೆ ಪುಸ್ತಕ ಹಿಡಿಯುತ್ತಾನೆ. ತಡೆಯಬೇಕೇ? – ಒಬ್ಬ ತಾಯಿ

ಉತ್ತರ: ನಾಟಕಕ್ಕೆ ಬೇಡ. ‘ರೋಮಿಯೋ ಅಂಡ್ ಜೂಲಿಯೆಟ್’ ತನ್ನ 14 ಸಾಲಿನ ಪೀಠಿಕೆಯಲ್ಲೇ ಇಬ್ಬರೂ ಸಾಯುತ್ತಾರೆಂದು ಹೇಳಿಬಿಡುತ್ತದೆ. ಗುಟ್ಟಿನ ಮೇಲೆ ನಿಂತ ಕಾದಂಬರಿಗಳಿಗೆ ಮಾತ್ರ ಸಾರಾಂಶ ಆಯಾ ಅಧ್ಯಾಯ ಓದಿದ ಮೇಲೆ ಇರಲಿ. ಸಂಕ್ಷಿಪ್ತ ಆವೃತ್ತಿಯನ್ನು ಪಠ್ಯದ ಬದಲಿಗೆ ಓದುವುದು ಬೇಡವೇ ಬೇಡ. ಅದರ ವಾಕ್ಯಗಳು ಲೇಖಕರವಲ್ಲ, ಅದನ್ನು ಉದ್ಧರಿಸಿ ಬರೆದ ಉತ್ತರ ನಿಲ್ಲುವುದಿಲ್ಲ.

ಪ್ರಶ್ನೆ: ‘ಫ್ರಾಂಕನ್‌ಸ್ಟೈನ್’ ಎಂಬ ಮೇರಿ ಶೆಲ್ಲಿ ಕಾದಂಬರಿಯ ಬಗ್ಗೆ ಮೂರು ಪುಟ ಬರೆದೆ. ‘ಬರೀ ಕಥೆ’ ಎಂದು ಬರೆದು ಅಂಕ ಕಡಿಮೆ ಕೊಟ್ಟರು. – ವಿದ್ಯಾರ್ಥಿ

ಉತ್ತರ: ನಿಮ್ಮ ಪ್ಯಾರಾಗಳ ಮೊದಲ ವಾಕ್ಯಗಳನ್ನಷ್ಟೇ ತೆಗೆದು ಓದಿ. ‘ಆಮೇಲೆ’, ‘ನಂತರ’ ಎಂದು ಶುರುವಾಗುತ್ತಿದ್ದರೆ ಅದು ಕಥೆ. ‘ವಿಕ್ಟರ್ ಸೃಷ್ಟಿಸಿದ ಜೀವಿಯನ್ನು ಕಂಡವರೆಲ್ಲ ಹೆದರುತ್ತಾರೆ’ ಎಂಬುದು ಘಟನೆ. ‘ಜೀವಿಯೊಂದಿಗೆ ಮೃದುವಾಗಿ ಮಾತಾಡುವವನು ಕುರುಡ ಮುದುಕ ಡಿ ಲೇಸಿ. ಹೀಗೆ ಮಾಡಿ ಮೇರಿ ಶೆಲ್ಲಿ ತಪ್ಪನ್ನು ನೋಡುವವರ ಕಣ್ಣಿಗೆ ಹೊರಿಸುತ್ತಾರೆ’ ಎಂಬುದು ವಾದ. ವಾದ ಹೇಳಿ, ಮೂರರಿಂದ ಆರು ಪದಗಳ ಉದ್ಧರಣೆ ಕೊಡಿ, ಆ ಪದಗಳಲ್ಲೇ ಒಂದನ್ನು ಹಿಡಿದು ಅದು ಏಕೆ ಎಂದು ವಿವರಿಸಿ. ಉದ್ಧರಣೆ ಉದ್ದವಾದಷ್ಟೂ ವಿವರಣೆ ಸೊರಗುತ್ತದೆ.

ಈ ಕೃತಿಯಲ್ಲಿ ಯಾರು ಹೇಳುತ್ತಿದ್ದಾರೆ ಎಂಬುದನ್ನು ಪ್ರತಿ ಪ್ಯಾರಾದಲ್ಲೂ ನೋಡಿಕೊಳ್ಳಿ. ಉತ್ತರ ಧ್ರುವದತ್ತ ಹೊರಟ ಯಾತ್ರಿಕ ವಾಲ್ಟನ್‌ನ ಪತ್ರಗಳೊಳಗೆ ವಿಕ್ಟರ್‌ನ ಕಥೆ, ಅದರೊಳಗೆ ಜೀವಿಯ ಕಥೆ. 1831ರ ಆವೃತ್ತಿಯಲ್ಲಿ ಜೀವಿಯ ದನಿ ಇರುವುದು 11ರಿಂದ 16ನೆಯ ಅಧ್ಯಾಯದವರೆಗೆ. ಅದಕ್ಕಿಂತ ಮೊದಲು ಅವನ ಬಗ್ಗೆ ಬರುವ ಬೈಗುಳಗಳು ವಿಕ್ಟರ್‌ನವು. ಅವನ್ನು ಲೇಖಕಿಯ ಅಭಿಪ್ರಾಯವೆಂದು ಬರೆದರೆ ಉತ್ತರವೇ ತಪ್ಪುತ್ತದೆ. ಫ್ರಾಂಕನ್‌ಸ್ಟೈನ್ ಎಂಬುದು ವಿಕ್ಟರ್‌ನ ಮನೆತನದ ಹೆಸರು, ಜೀವಿಗೆ ಹೆಸರೇ ಇಲ್ಲ. ಇದನ್ನೂ ತಿದ್ದಿಕೊಂಡು ಮತ್ತೊಮ್ಮೆ ಬರೆದು ತೋರಿಸಿ.