ಸೈಕಲ್ ಸವಾರರಿಗೆ ಜೂಡೊ ಏಕೆ?

ಓದುಗರೊಬ್ಬರ ಪ್ರಶ್ನೆ: “ಹಲವು ವರ್ಷಗಳಿಂದ ದೂರದ ಸೈಕಲ್ ಸವಾರಿ ಮಾಡುತ್ತಿದ್ದೇನೆ. ಜೂಡೊ ತರಗತಿಗೆ ಸೇರು ಎಂದು ಗೆಳೆಯರು ದುಂಬಾಲು ಬಿದ್ದಿದ್ದಾರೆ. ಪೆಡಲ್ ತುಳಿಯುವವನಿಗೆ ಹೊಡೆದಾಟದ ವಿದ್ಯೆ ಏಕೆ ಬೇಕು? ಆ ಹೊತ್ತಿನಲ್ಲಿ ಇನ್ನಷ್ಟು ದೂರ ಸೈಕಲ್ ಹೊಡೆಯಬಾರದೇ?”

ಸಂಪಾದಕರ ಉತ್ತರ: ಸವಾರನ ದಮ್ಮು ಬೆಳೆಯುವುದು ಸೈಕಲ್ಲಿನ ಮೇಲೆಯೇ ಎಂಬ ನಿಮ್ಮ ನಂಬಿಕೆ ಸರಿ. ಅಷ್ಟನ್ನು ಒಪ್ಪಿ, ನಾನು ನಿಮ್ಮ ಗೆಳೆಯರ ಪಕ್ಷವನ್ನೇ ವಹಿಸುತ್ತೇನೆ. ಇಷ್ಟು ವರ್ಷ ಪಳಗಿದ ನೀವು ಕಿಲೋಮೀಟರುಗಳನ್ನಷ್ಟೇ ಲೆಕ್ಕ ಹಾಕುತ್ತಾ ಕುಳಿತಿರುವುದು ನನಗೆ ಸರಿಕಾಣಲಿಲ್ಲ.

1882ರಲ್ಲಿ ಜಪಾನಿನ ಜಿಗೊರೊ ಕಾನೊ ರೂಪಿಸಿದ ಜೂಡೊದಲ್ಲಿ ಹೊಸಬರಿಗೆ ಎದುರಾಳಿಯನ್ನು ಎಸೆಯುವುದಕ್ಕಿಂತ ಮೊದಲು ಕಲಿಸುವುದು ‘ಉಕೆಮಿ’ಯನ್ನು, ಅಂದರೆ ಬೀಳುವ ಕ್ರಮವನ್ನು. ಗದ್ದವನ್ನು ಎದೆಗೆ ಒತ್ತಿಕೊಂಡು, ಬೆನ್ನನ್ನು ಬಾಗಿಸಿ, ಒಂದು ಭುಜದಿಂದ ಎದುರು ಬದಿಯ ಸೊಂಟದವರೆಗೆ ಓರೆಯಾಗಿ ಉರುಳುತ್ತಾ, ಅಂಗೈಯಿಂದ ಮೊಣಕೈವರೆಗಿನ ಭಾಗವನ್ನು ಒಮ್ಮೆಲೇ ಚಾಪೆಗೆ ಬಡಿಯಬೇಕು. ಆಗ ಪೆಟ್ಟು ಒಂದೇ ಮೂಳೆಯ ಪಾಲಾಗದೆ ಮೈಗೆಲ್ಲ ಹಂಚಿಹೋಗುತ್ತದೆ. ಇದನ್ನು ಕಲಿಯದ ಸವಾರ ಬೀಳುವಾಗ ಕೈಯನ್ನು ನೇರವಾಗಿ ಚಾಚುತ್ತಾನೆ, ಇಲ್ಲವೇ ಭುಜದ ತುದಿಯನ್ನೇ ನೆಲಕ್ಕೆ ಕೊಡುತ್ತಾನೆ. ಮಣಿಕಟ್ಟೋ ಕಾಲರ್ ಬೋನೋ ಮುರಿಯುತ್ತದೆ. ಜೂಡೊ ಕಲಿತ ಸವಾರರೊಬ್ಬರು ಮುಂಗಾಲಿ ಗುಂಡಿಗೆ ಸಿಕ್ಕಿ ನನ್ನ ಕಣ್ಣೆದುರೇ ಉರುಳಿದರು. ಜರ್ಸಿಯ ಭುಜ ಹರಿದು ಚರ್ಮ ತರಚಿದ್ದು ಬಿಟ್ಟರೆ ಬೇರೇನೂ ಆಗಲಿಲ್ಲ. ಕಡಿದಾದ ಇಳಿಜಾರಿನ ವೇಗದಲ್ಲಿ ಹೀಗೆ ಉರುಳಲು ಸಮಯ ಸಿಗದಿರಬಹುದು, ಹೆಲ್ಮೆಟ್ಟಿಗೆ ಇದು ಬದಲಿಯೂ ಅಲ್ಲ.

ಮೂಳೆಯ ವಿಷಯವನ್ನೂ ಯೋಚಿಸಿ. ಸವಾರಿಯಲ್ಲಿ ಮೈಭಾರವನ್ನು ಸೀಟು ಹೊರುವುದರಿಂದ ಮೂಳೆಗಳಿಗೆ ಬಲಗೊಳ್ಳುವಷ್ಟು ಒತ್ತಡ ಬೀಳುವುದಿಲ್ಲ. ವರ್ಷಗಟ್ಟಲೆ ರಸ್ತೆ ಸ್ಪರ್ಧೆಗಳಲ್ಲಿ ಸೈಕಲ್ ಓಡಿಸಿದವರಲ್ಲಿ ಸೊಂಟದ ಭಾಗದ ಬೆನ್ನೆಲುಬಿನ ಸಾಂದ್ರತೆ ಕಡಿಮೆಯಿರುವುದನ್ನು ವೈದ್ಯರು ಮತ್ತೆ ಮತ್ತೆ ಗುರುತಿಸಿದ್ದಾರೆ. ಎಳೆದಾಟ, ಎಸೆತಗಳ ಜೂಡೊ ಆ ಒತ್ತಡವನ್ನು ಒದಗಿಸುತ್ತದೆ. ಕರಾಟೆಯೂ ಉಪಕಾರಿಯೇ: ಒಂದೇ ನೇರದಲ್ಲಿ ತಿರುಗಿ ಬಿಗಿದುಕೊಂಡ ಸೊಂಟದ ಕೀಲು ಪಕ್ಕದ ಒದೆತದಿಂದ ಸಡಿಲಗೊಳ್ಳುತ್ತದೆ.

ನನ್ನ ಅಸಮಾಧಾನ ಇರುವುದು ನಿಮ್ಮೊಬ್ಬರ ಮೇಲಲ್ಲ. ಚೌಕಟ್ಟಿನ ತೂಕದಲ್ಲಿ ನೂರು ಗ್ರಾಂ ಇಳಿಸಲು ದುಡ್ಡು ಸುರಿಯುತ್ತೇವೆ, ಟೈರಿನ ಗಾಳಿಯ ಒತ್ತಡದ ಬಗ್ಗೆ ಗಂಟೆಗಟ್ಟಲೆ ವಾದಿಸುತ್ತೇವೆ, ಆದರೆ ಬೀಳುವ ಮೈಯನ್ನು ತಯಾರು ಮಾಡುವ ಯೋಚನೆ ನಮಗೆ ಬರುವುದೇ ಇಲ್ಲ. ಮಗುವಿಗೆ ಸೈಕಲ್ ಕಲಿಸುವಾಗಲೂ ಹಿಂದಿನಿಂದ ಸೀಟು ಹಿಡಿದು “ಬೀಳಬೇಡ” ಎಂದು ಕೂಗುತ್ತೇವೆಯೇ ಹೊರತು, ಹುಲ್ಲಿನ ಮೇಲೆ ನಾಲ್ಕು ಬಾರಿ ಉರುಳಿಸಿ ತೋರಿಸುವುದಿಲ್ಲ. ಶಾಲೆಗಳ ವ್ಯಾಯಾಮದ ಪಾಠದಲ್ಲಿಯೂ ಇದಕ್ಕೆ ಜಾಗ ಸಿಗುವುದು ಅಪರೂಪ.

ಆದ್ದರಿಂದ ಸೇರಿಕೊಳ್ಳಿ. ನೀವು ಸೈಕಲ್ ಸವಾರರೆಂದು ಗುರುಗಳಿಗೆ ಮೊದಲೇ ತಿಳಿಸಿ. ಎಡಕ್ಕೂ ಬಲಕ್ಕೂ ಉರುಳುವುದು ಕೈವಶವಾಗುವವರೆಗೆ ಎದುರಾಳಿಯೊಡನೆ ಸೆಣಸಲು ಇಳಿಯಬೇಡಿ. ದೂರದ ಸವಾರಿಯ ಹಿಂದಿನ ದಿನ ತರಗತಿ ತಪ್ಪಿಸಿದರೆ ತಪ್ಪೇನಿಲ್ಲ.