ಜನವರಿಯ ಸೀನು, ಮಾತ್ರೆಯ ಮಂಪರು

ತಮ್ಮಾ, ನೀನು ಬರೆದಿದ್ದನ್ನು ಎರಡು ಸಲ ಓದಿದೆ. ಅಮೆರಿಕದ ಆಸ್ಟಿನ್‌ಗೆ ಬಂದು ಒಂದೂವರೆ ವರ್ಷವಾಯಿತು, ಹೋದ ಜನವರಿಯಲ್ಲಿ ಏನೂ ಆಗಿರಲಿಲ್ಲ, ಈ ಸಲ ಮಾತ್ರ ಸೀನು ನಿಲ್ಲುತ್ತಿಲ್ಲ ಅಂದಿದ್ದೀಯ. ದಾವಣಗೆರೆಯಿಂದ ತಂದ ಅಲರ್ಜಿ ಮಾತ್ರೆ ಸೆಟ್ರಿಝಿನ್ ನುಂಗಿದರೆ ಮಧ್ಯಾಹ್ನದ ಮೀಟಿಂಗಿನಲ್ಲಿ ಕಣ್ಣು ಎಳೆಯುತ್ತದೆ, ಯಾವುದರಲ್ಲೂ ಮನಸ್ಸಿಲ್ಲ, ಈ ಊರೇ ನನಗೆ ಆಗಿಬರುವುದಿಲ್ಲವೇನೋ ಅಂತ ಕೇಳಿದ್ದೀಯ. ನಾನು ಇಲ್ಲಿ 14 ವರ್ಷದಿಂದ ಇದ್ದೇನೆ. ಊರು ಬಿಡುವ ಮಾತು ಆಮೇಲೆ. ಮೊದಲು ಆ ಮಾತ್ರೆಯ ವಿಚಾರ ನೋಡೋಣ.

ನಿನಗೆ ಬಂದಿರುವುದು ಮರದ ಪರಾಗದ ಅಲರ್ಜಿ, ಇಲ್ಲಿಯವರು ಅದನ್ನು ಸೀಡರ್ ಫೀವರ್ ಅನ್ನುತ್ತಾರೆ. ಆ ಮರದ ಸರಿಯಾದ ಹೆಸರು ಆ್ಯಶ್ ಜೂನಿಪರ್. ಆಸ್ಟಿನ್ ಪಶ್ಚಿಮಕ್ಕೆ ಗುಡ್ಡಗಳ ತುಂಬ ಅದೇ. ಡಿಸೆಂಬರ್‌ನಿಂದ ಫೆಬ್ರವರಿವರೆಗೆ ಗಂಡು ಮರಗಳು ಪರಾಗ ಬಿಡುತ್ತವೆ. ಒಂದು ಸಲ ಟ್ರೇಲ್ ಪಕ್ಕದಲ್ಲಿ ಕೆಂಚು ಬಣ್ಣಕ್ಕೆ ತಿರುಗಿದ್ದ ಕೊಂಬೆಯೊಂದನ್ನು ಸುಮ್ನೆ ಕೈಯಿಂದ ಸರಿಸಿದೆ. ಅರಿಶಿನದ ಪುಡಿ ಕೊಡವಿದ ಹಾಗೆ ಬುಸ್ಸೆಂದು ಮೇಲೆದ್ದಿತು. ಉತ್ತರದಿಂದ ಒಣ ತಣ್ಣನೆ ಗಾಳಿ ಬಂದ ದಿನ ಇಡೀ ಮರ ಹೊಗೆಯಾಡಿದ ಹಾಗೆ ಕಾಣುತ್ತದೆ. ಬೆಂಕಿ ಬಿದ್ದಿದೆ ಅಂತ ಫೈರ್ ಸ್ಟೇಷನ್‌ಗೆ ಫೋನ್ ಮಾಡುವವರೂ ಇದ್ದಾರೆ.

ಮೊದಲ ವರ್ಷ ಬಚಾವಾಗಿ ಎರಡನೇ ವರ್ಷ ಸಿಕ್ಕಿಕೊಳ್ಳುವುದು ಇಲ್ಲಿ ಮಾಮೂಲು. ಹೊಸ ಪರಾಗವನ್ನು ಗುರುತು ಹಿಡಿದು ಅದರ ಮೇಲೆ ತಿರುಗಿಬೀಳಲು ದೇಹಕ್ಕೂ ಸಮಯ ಬೇಕು. ಹೆಸರಲ್ಲಿ ಫೀವರ್ ಇದ್ದರೂ ಇದರಲ್ಲಿ ಮೈ ಸುಡುವಷ್ಟು ಜ್ವರ ಬರುವುದಿಲ್ಲ. ಥರ್ಮಾಮೀಟರ್ 101 ದಾಟಿದರೆ ಅದು ಫ್ಲೂ, ಕೋವಿಡ್ ಏನಾದರೂ ಇರಬಹುದು, ಟೆಸ್ಟ್ ಮಾಡಿಸು.

ಈಗ ಮಾತ್ರೆ. ನನ್ನ ಎರಡನೇ ಚಳಿಗಾಲದಲ್ಲಿ ಒಬ್ಬರು ಹೇಳಿದರು ಅಂತ ರಾತ್ರಿ 11ಕ್ಕೆ ಡೈಫೆನ್‌ಹೈಡ್ರಮಿನ್ ಅನ್ನುವ, ನಿದ್ದೆ ಬರಿಸುವ ಹಳೇ ಅಲರ್ಜಿ ಮಾತ್ರೆ ನುಂಗಿ ಮಲಗುತ್ತಿದ್ದೆ. ಮೂಗು ಬಿಡುತ್ತಿತ್ತು ನಿಜ. ಬೆಳಿಗ್ಗೆ ಮೋಪ್ಯಾಕ್ ಹೆದ್ದಾರಿಯಿಂದ ಇಳಿದು ಸಿಗ್ನಲ್ಲಿನಲ್ಲಿ ನಿಂತಿದ್ದಾಗ ಹಿಂದಿನ ಕಾರಿನ ಹಾರ್ನ್ ಕೇಳಿ ಎಚ್ಚರವಾಯಿತು. ಹಸಿರು ದೀಪ ಯಾವಾಗ ಬಂತೋ ಗೊತ್ತೇ ಆಗಿರಲಿಲ್ಲ. ಕೈ ಸ್ಟೀರಿಂಗ್ ಮೇಲೆ, ಕಾಲು ಬ್ರೇಕ್ ಮೇಲೆ, ನಾನು ಮಾತ್ರ ಅಲ್ಲಿರಲಿಲ್ಲ. ಅವತ್ತಿನ ನಡುಕ ಇವತ್ತಿಗೂ ಮರೆತಿಲ್ಲ. ಆ ಎರಡು ತಿಂಗಳು ಮಂಕು ಬಡಿದ ಹಾಗೆ ಇದ್ದೆ. ಅಮ್ಮನ ನೆನಪು, ಊರಿನ ಕೊರಗು ಅಂದುಕೊಂಡು ಅಳುತ್ತಿದ್ದೆ. ಕೊರಗು ಇದ್ದದ್ದು ಹೌದು. ಆದರೆ ಮಾತ್ರೆ ನಿಲ್ಲಿಸಿದ ಮೂರ್ನಾಲ್ಕು ದಿನಕ್ಕೆ ಅರ್ಧ ಭಾರ ಇಳಿಯಿತು. ನಿನ್ನ ‘ಮನಸ್ಸಿಲ್ಲ’ ಅನ್ನುವ ಮಾತು ಓದಿದಾಗ ನನಗೆ ಅದೇ ನೆನಪಾಯಿತು.

ಸೆಟ್ರಿಝಿನ್ ಅಷ್ಟು ಕೆಟ್ಟದ್ದಲ್ಲ, ಆದರೂ ಕೆಲವರಿಗೆ ನಿದ್ದೆ ತರುತ್ತದೆ. ನೀನು ಅಂಥವರಲ್ಲಿ ಒಬ್ಬ ಅನ್ನಿಸುತ್ತದೆ. ಫೆಕ್ಸೋಫೆನಡಿನ್ ಅಥವಾ ಲೊರಾಟಡಿನ್ ಅನ್ನುವ ಬೇರೆ ಅಲರ್ಜಿ ಮಾತ್ರೆಗಳ ಬಗ್ಗೆ ಫಾರ್ಮಸಿಸ್ಟ್ ಹತ್ತಿರ ಕೇಳಿ ನೋಡು. ಡಾಕ್ಟರ ಚೀಟಿ ಬೇಡ, ಅಂಗಡಿಯದ್ದೇ ಹೆಸರಿನ ಅಗ್ಗದ ಡಬ್ಬಿ ಸಾಕು. ಫೆಕ್ಸೋಫೆನಡಿನ್‌ನಲ್ಲಿ ನಿದ್ದೆ ಬಹಳ ಕಡಿಮೆ. ಆದರೆ ಅದನ್ನು ನೀರಿನಲ್ಲೇ ನುಂಗಬೇಕು. ಕಿತ್ತಳೆ, ಸೇಬಿನ ಜ್ಯೂಸ್ ಜೊತೆ ತಗೊಂಡರೆ ಮೈಗೆ ಸರಿಯಾಗಿ ಹತ್ತುವುದಿಲ್ಲ. ಇನ್ನೊಂದು ವಿಷಯ. ಸೆಟ್ರಿಝಿನ್ ತಿಂಗಳುಗಟ್ಟಲೆ ದಿನಾ ತಗೊಂಡು ಥಟ್ಟನೆ ನಿಲ್ಲಿಸಿದರೆ ಅಪರೂಪಕ್ಕೆ ಕೆಲವರಿಗೆ ಮೈಯೆಲ್ಲ ವಿಪರೀತ ತುರಿಕೆ ಬರುತ್ತದೆ. ಇಲ್ಲಿನ ಔಷಧಿ ನಿಯಂತ್ರಣ ಸಂಸ್ಥೆ ಎಫ್‌ಡಿಎ 2025ರಲ್ಲಿ ಈ ಎಚ್ಚರಿಕೆ ಕೊಟ್ಟಿದೆ. ನಿನಗೆ ಹಾಗೇನಾದರೂ ಆದರೆ ಹೊಸ ಅಲರ್ಜಿ ಅಂತ ಗಾಬರಿಯಾಗಬೇಡ, ಡಾಕ್ಟರಿಗೆ ಹೇಳು.

ನಿಜವಾಗಿ ನನ್ನನ್ನು ಕಾಪಾಡಿದ್ದು ಮೂಗಿನ ಸ್ಪ್ರೇ, ಫ್ಲೂಟಿಕಸೋನ್. ಇದು ಹೊಡೆದ ಕೂಡಲೇ ಕೆಲಸ ಮಾಡುವುದಿಲ್ಲ, ಪೂರ್ತಿ ಹಿಡಿತಕ್ಕೆ ಕೆಲವು ದಿನ ಬೇಕು. ಅದಕ್ಕೇ ನಾನು ಡಿಸೆಂಬರ್ ಶುರುವಿನಲ್ಲೇ ಆರಂಭಿಸುತ್ತೇನೆ. ಮೊದಮೊದಲು ನೇರ ಮೂಗಿನ ನಡುಗೋಡೆಗೆ ಹೊಡೆದು ರಕ್ತ ಬರಿಸಿಕೊಂಡಿದ್ದೆ. ತಲೆ ಸ್ವಲ್ಪ ಬಗ್ಗಿಸು. ಎಡ ಹೊಳ್ಳೆಗೆ ಬಲಗೈ, ಬಲ ಹೊಳ್ಳೆಗೆ ಎಡಗೈ. ತುದಿ ಕಿವಿಯ ಕಡೆಗಿರಲಿ. ಮೆಲ್ಲಗೆ ಉಸಿರು ಎಳೆದುಕೋ, ಜೋರಾಗಿ ಸೇದಬೇಡ. ಇನ್ನೊಂದು ಜಾತಿ ಸ್ಪ್ರೇ ಇದೆ, ಆಕ್ಸಿಮೆಟಜೋಲಿನ್. ಕಟ್ಟಿದ ಮೂಗು ಕೆಲವೇ ನಿಮಿಷಕ್ಕೆ ತೆರೆದುಕೊಳ್ಳುತ್ತದೆ. ಅದರ ರುಚಿ ಹತ್ತಿಸಿಕೊಳ್ಳಬೇಡ. ಮೂರು ದಿನ ಮೀರಿದರೆ ಅದೇ ಮೂಗು ಕಟ್ಟಿಸಲು ಶುರು ಮಾಡುತ್ತದೆ. ಹೆಸರಿನ ಕೊನೆಯಲ್ಲಿ ‘ಡಿ’ ಇರುವ, ಅಂದರೆ ಕಟ್ಟಿದ ಮೂಗು ಬಿಡಿಸುವ ಔಷಧಿಯೂ ಸೇರಿದ ಮಾತ್ರೆಗಳನ್ನು ಐಡಿ ನೋಡಿ ಕೌಂಟರ್ ಹಿಂದಿನಿಂದ ಕೊಡುತ್ತಾರೆ. ಬಿಪಿ ಇದ್ದರೆ ಡಾಕ್ಟರನ್ನು ಕೇಳದೆ ಬೇಡ. ಇಲ್ಲದಿದ್ದರೂ ಎದೆ ಡವಡವ, ರಾತ್ರಿ ನಿದ್ದೆ ಹಾಳು.

ಅಪ್ಪ ಅಮ್ಮ ಬರುವವರಿದ್ದಾರೆ ಅಂದೆಯಲ್ಲ, ಇದನ್ನು ಮರೆಯಬೇಡ. ನಮ್ಮಪ್ಪ ಬಂದಾಗ ನೆಗಡಿಗೆ ಅಂತ ನಾನೇ ರಾತ್ರಿಯ ಸಿರಪ್ ಕೊಟ್ಟೆ. ಬಾಯಿ ಒಣಗಿತು, ಮೂತ್ರ ಕಟ್ಟಿತು, ನಡುರಾತ್ರಿ ಎದ್ದು ಇದು ಯಾರ ಮನೆ ಅಂತ ಕೇಳಿದರು. ಅವರಿಗೆ ಪ್ರಾಸ್ಟೇಟ್ ತೊಂದರೆ ಇತ್ತು, ಆ ಸಿರಪ್ಪಿನಲ್ಲೂ ಡೈಫೆನ್‌ಹೈಡ್ರಮಿನ್ ಥರದ, ನಿದ್ದೆ ಬರಿಸುವ ಅದೇ ಜಾತಿಯ ಔಷಧಿ ಇತ್ತು. ಡಬ್ಬಿಯ ಮುಂದಿನ ದೊಡ್ಡ ಅಕ್ಷರ ಬಿಡು. ಹಿಂದೆ ‘ಆ್ಯಕ್ಟಿವ್ ಇಂಗ್ರೀಡಿಯೆಂಟ್’ ಅಂತ ಇರುವುದನ್ನು ಓದು. ಬೇರೆ ಬೇರೆ ಹೆಸರಿನ ಎರಡು ಡಬ್ಬಿಯಲ್ಲಿ ಒಂದೇ ಔಷಧಿ ಇರುವುದು ಇಲ್ಲಿ ಸರ್ವೇಸಾಮಾನ್ಯ.

ಉಳಿದದ್ದು ಮನೆಯ ಅಭ್ಯಾಸ. ಹೊರಗಿನಿಂದ ಬಂದ ತಕ್ಷಣ ಬಟ್ಟೆ ಬದಲಿಸು. ಮಲಗುವ ಮುಂಚೆ ತಲೆಗೆ ನೀರು ಹಾಕಿಕೋ, ಕಿಟಕಿ ತೆರೆದಿಡಬೇಡ. ಮೂಗಿಗೆ ನೀರು ಹಾಯಿಸಿ ತೊಳೆಯುವ ಜಲನೇತಿ ಮಾಡುವ ಅಭ್ಯಾಸ ಇದ್ದರೆ ಮಾಡು, ಆದರೆ ನಲ್ಲಿ ನೀರು ನೇರ ಬೇಡವೇ ಬೇಡ. ಕುದಿಸಿ ಆರಿಸಿದ ನೀರು, ಇಲ್ಲವೇ ಡಿಸ್ಟಿಲ್ಡ್ ವಾಟರ್. ಅಪರೂಪಕ್ಕಾದರೂ ನಲ್ಲಿ ನೀರಿನಲ್ಲಿರುವ ಅಮೀಬಾ ಮೂಗಿನಿಂದ ಮಿದುಳಿಗೆ ಹೋಗಿ ಜೀವ ತೆಗೆದಿದೆ.

ಊರಲ್ಲಿ ಕಾಂಗ್ರೆಸ್ ಹುಲ್ಲಿನ ಹತ್ತಿರ ಹೋದರೆ ಸೀನುತ್ತಿದ್ದೆಯಾ? ಹಾಗಿದ್ದರೆ ಆಗಸ್ಟ್ ಕೊನೆಗೇ ತಯಾರಾಗು. ಇಲ್ಲಿನ ರ‍್ಯಾಗ್‌ವೀಡ್ ಅನ್ನುವ ಕಳೆ ಗಿಡ ಅದರದೇ ಬಳಗ. ಎರಡು ಚಳಿಗಾಲ ಹೀಗೇ ಕಷ್ಟವಾದರೆ ಅಲರ್ಜಿ ಡಾಕ್ಟರ್ ಹತ್ತಿರ ಚರ್ಮದ ಟೆಸ್ಟ್ ಮಾಡಿಸಿ ಇಂಜೆಕ್ಷನ್ ಶುರು ಮಾಡಬಹುದು. ಅದು ಮೂರರಿಂದ ಐದು ವರ್ಷದ ಕೆಲಸ. ಟೆಸ್ಟ್‌ಗೆ ಸುಮಾರು ಒಂದು ವಾರ ಮುಂಚೆ ಈ ಮಾತ್ರೆಗಳನ್ನು ನಿಲ್ಲಿಸಬೇಕಾಗುತ್ತದೆ, ಅಪಾಯಿಂಟ್‌ಮೆಂಟ್ ತಗೊಳ್ಳುವಾಗಲೇ ಕೇಳಿಕೋ. ಉಬ್ಬಸ, ಎದೆ ಬಿಗಿತ ಬಂದರೆ ಮಾತ್ರ ಕಾಯಬೇಡ, ಅವತ್ತೇ ಹೋಗು.

ಸೆಟ್ರಿಝಿನ್ ಎಷ್ಟು ದಿನದಿಂದ ತಗೊಳ್ಳುತ್ತಿದ್ದೀಯ, ದಿನಕ್ಕೆ ಎಷ್ಟು, ಜೊತೆಗೆ ಬೇರೆ ಏನು ನುಂಗುತ್ತಿದ್ದೀಯ, ಬರೆ. ಅಲ್ಲಿಯವರೆಗೆ ಅದನ್ನು ನುಂಗಿದ ದಿನ ಕಾರು ಓಡಿಸಬೇಡ.